ಬೋಗೊಫಿಲ್ಟರ್‌ಗೆ ಕನ್ನಡ ಕಲಿಸಿದ್ದು: ನನ್ನ ಅನುಭವ

ಬೋಗೊಫಿಲ್ಟರ್ ಅಂದರೆ ಸ್ಪ್ಯಾಮ್, ಅಂದರೆ ಬೇಡದ ಮೇಲನ್ನು ಸೋಸುವ ಒಂದು ತಂತ್ರಾಂಶ. ಅದಕ್ಕೆ ಕನ್ನಡದ ಸ್ಪ್ಯಾಮ್ ಗುರುತಿಸಲು ಕಲಿಸಿದ ಕಥೆ ಇದು. ಶಿರಸಿ ಕಡೆಯ ಒಂದು ಅಡಿಕೆ ವಹಿವಾಟಿನ ಕಚೇರಿಯದು, ಅವರ ಆಡಿಟರದ್ದು ಎಲ್ಲ ಸೇರಿ 40 ಚಿಲ್ಲರೆ ಮೇಲ್‌ಬಾಕ್ಸು ನನ್ನ ಕೈಯಲ್ಲಿವೆ. ಮೇಲ್ ನಡೆಸಲು ಪೋಸ್ಟ್‌ಫಿಕ್ಸ್, ಡವ್‌ಕಾಟ್ ತಂತ್ರಾಂಶಗಳು, 1 ಜಿಬಿ ರ‍್ಯಾಮಿನ ವಿಪಿಎಸ್ ಅನ್ನುವ ಬಾಡಿಗೆ ಸರ್ವರ್, ತಿಂಗಳಿಗೆ 600 ರೂಪಾಯಿ ಆಸುಪಾಸು. "ಈ ಕಾಲದಲ್ಲೂ ಟರ್ಮಿನಲ್‌ನಲ್ಲಿ ಸ್ಪ್ಯಾಮ್ ಆರಿಸ್ತಾ ಕೂತಿದ್ದೀಯಲ್ಲ ಮಾರಾಯ, ಹೋಸ್ಟೆಡ್ ಮೇಲ್ ಸೇವೆ ತಗೊಳ್ಳೋಕೆ ಹೇಳು" ಅಂತ ಬೆಂಗಳೂರಿನ ಗೆಳೆಯರದ್ದು ಒಂದೇ ರಾಗ. ತಲೆಗೆ ತಿಂಗಳಿಗೆ 150 ಹಿಡಿದರೂ ವರ್ಷಕ್ಕೆ 70 ಸಾವಿರ ದಾಟುತ್ತದೆ. ಮ್ಯಾನೇಜರಿಗೆ ಆ ಅಂಕಿ ಹೇಳಿದೆ. ಅವರು ಚಹಾ ತರಿಸಿ ಮಾತು ಬದಲಿಸಿದರು.

ಸ್ಪ್ಯಾಮ್ ಸೋಸಲು ಮೊದಲು ಇದ್ದದ್ದು ಸ್ಪ್ಯಾಮ್‌ಅಸಾಸಿನ್. ಇಂಗ್ಲಿಷ್ ಮೇಲಿಗೆ ಅದರ ಬಗ್ಗೆ ತಕರಾರಿಲ್ಲ, ಆದರೆ ಎರಡು ಮೂರು ಪ್ರೊಸೆಸ್ ಎದ್ದರೆ ನನ್ನ ರ‍್ಯಾಮ್ ಖಾಲಿ. ಅದಕ್ಕಿಂತ ದೊಡ್ಡ ತೊಂದರೆ ಅದರ ಬೇಯ್ಸ್ ಭಾಗದ್ದು, ಅಂದರೆ ಹಳೆಯ ಮೇಲಿನ ಪದ ನೋಡಿ ಕಲಿಯುವ ಭಾಗದ್ದು. 15 ಬೈಟಿಗಿಂತ ಉದ್ದದ ಪದವನ್ನು ಅದು ಇಡಿಯಾಗಿ ಇಟ್ಟುಕೊಳ್ಳುವುದಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು, ಅಂದರೆ ಐದು ಚಿಹ್ನೆಗೆ ಕೋಟಾ ಮುಗಿಯಿತು. ಉಳಿದದ್ದೆಲ್ಲ ಚೂರು ಚೂರು. ಸಾವಿರಗಟ್ಟಲೆ ಮೇಲ್ ಕೊಟ್ಟು ಕಲಿಸಿದರೂ ಕನ್ನಡದ ಸಾಲದ ಜಾಹೀರಾತುಗಳು ಆರಾಮಾಗಿ ಇನ್‌ಬಾಕ್ಸಿಗೆ ಬರುತ್ತಿದ್ದವು.

ಆರ್‌ಸ್ಪ್ಯಾಮ್‌ಡಿ ಅನ್ನುವ ಇನ್ನೊಂದು ಫಿಲ್ಟರ್ ಹಾಕು ಅಂದರು ಕೆಲವರು. ಒಳ್ಳೆಯದೇ, ಅದರ ಜೊತೆ ರೆಡಿಸ್ ಅನ್ನುವ ಡೇಟಾಬೇಸ್ ಬೇಕು, ರೆಡಿಸ್‌ಗೆ ಮತ್ತೆ ರ‍್ಯಾಮ್ ಬೇಕು. ಬೋಗೊಫಿಲ್ಟರ್ 2002ರ ಮುದುಕ. ಸಿ ಭಾಷೆಯಲ್ಲಿ ಬರೆದದ್ದು, ಮೇಲ್ ಬಂದಾಗ ಎದ್ದು ಕೆಲಸ ಮುಗಿಸಿ ಮಲಗುತ್ತದೆ. ಅದನ್ನೇ ಹಿಡಿದೆ. ನಕ್ಕವರೇ ಹೆಚ್ಚು.

ಮೊದಲ ಸುತ್ತಿನ ಫಲಿತಾಂಶ ನೋಡಿದರೆ ನಗು ಬರುವಂತೆಯೇ ಇತ್ತು. ಅರ್ಧಕ್ಕರ್ಧ ಕನ್ನಡ ಮೇಲ್ 'ಅನ್‌ಶ್ಯೂರ್', ಅಂದರೆ ಸ್ಪ್ಯಾಮೋ ಅಲ್ಲವೋ ಗೊತ್ತಿಲ್ಲ. -vvv ಆಯ್ಕೆ ಕೊಟ್ಟು ಟೋಕನ್ ಪಟ್ಟಿ, ಅಂದರೆ ಫಿಲ್ಟರ್ ಲೆಕ್ಕಕ್ಕೆ ಹಿಡಿಯುವ ಪದಗಳ ಪಟ್ಟಿ ತೆಗೆದೆ. ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಸರ್ವರ್ ಕಟ್ಟಿದ ಹಳೆಯ ಪುಣ್ಯಾತ್ಮರು ಬೋಗೊಫಿಲ್ಟರ್‌ನ ಸೆಟಿಂಗ್‌ನಲ್ಲಿ ಆಸ್ಕಿ (ಸಾದಾ ಇಂಗ್ಲಿಷ್ ಅಕ್ಷರ) ಅಲ್ಲದ್ದನ್ನೆಲ್ಲ '?' ಮಾಡುವ ಆಯ್ಕೆಯನ್ನು ಆನ್ ಮಾಡಿಟ್ಟಿದ್ದರು. ಚೀನಿ, ಕೊರಿಯನ್ ಸ್ಪ್ಯಾಮ್ ಕಂಡು ಸಾಕಾಗಿ ಹೋದವರಿಗೆ ಇರುವ ಆಯ್ಕೆ ಅದು. ನಮ್ಮ ಕಚೇರಿಯ ಕಾಗದವೂ ಆ ಲೆಕ್ಕದಲ್ಲಿ ಕೊರಿಯನ್ನೇ.

ಅದನ್ನು ತೆಗೆದ ಮೇಲೆ ಪದಗಳು ಕಂಡವು, ಎಲ್ಲವೂ ಅಲ್ಲ. ಬೋಗೊಫಿಲ್ಟರ್‌ನಲ್ಲಿ ಪದದ ಮಿತಿ 30 ಬೈಟು, ದಾಟಿದರೆ ಟೋಕನ್ ಬಿಟ್ಟೇ ಹೋಗುತ್ತದೆ. 'ಅಡಿಕೆಯನ್ನು' ಸರಿಯಾಗಿ 30, ಒಳಗೆ. 'ಅಡಿಕೆಯಿಂದಲೂ' 33, ಹೊರಗೆ. 'ಪಾವತಿಸಬೇಕಾಗಿದೆ' 42. ಸ್ಪ್ಯಾಮ್ ಹಿಡಿಯಲು ಬೇಕಾದ ಪದವೇ ಇಲ್ಲ! ಮಿತಿಯನ್ನು 60ಕ್ಕೆ ಏರಿಸಿದೆ. ಡೇಟಾಬೇಸ್ ಉಬ್ಬಿತು, ಫಲ ಅಷ್ಟಕ್ಕಷ್ಟೇ. ಒಂದು 'ಪಾವತಿಸು'ವಿಗೆ ಹತ್ತಾರು ರೂಪ, ಒಂದೊಂದೂ ಹೊಸ ಪದ. ಹಿಂದೆ ಕಾಣದ ಪದಕ್ಕೆ ಬೋಗೊಫಿಲ್ಟರ್ ಕೊಡುವುದು 0.52, ಸ್ಪ್ಯಾಮೂ ಅಲ್ಲ ಒಳ್ಳೆಯದೂ ಅಲ್ಲ ಅನ್ನುವ ನಡುಮಧ್ಯದ ಅಂಕ. ಅಂಥದ್ದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮೇಲ್ ಅನ್‌ಶ್ಯೂರ್ ಆಗದೆ ಇನ್ನೇನಾದೀತು?

ಕೊನೆಗೆ ಕೈಹಿಡಿದದ್ದು ಎಪ್ಪತ್ತು ಎಂಬತ್ತು ಸಾಲಿನ ಒಂದು ಪರ್ಲ್ ಸ್ಕ್ರಿಪ್ಟ್. ಮೇಲನ್ನು ಡಿಕೋಡ್ ಮಾಡಿ, ಕನ್ನಡ ಪದ ಸಿಕ್ಕರೆ ಬಾಲ ಕತ್ತರಿಸಿ, ಒತ್ತಕ್ಷರ ಒಡೆಯದ ಹಾಗೆ ಮೊದಲ ಕೆಲವು ಅಕ್ಷರ ಉಳಿಸಿ ಬೋಗೊಫಿಲ್ಟರ್‌ಗೆ ಪೈಪ್ ಮಾಡುತ್ತದೆ. ಎಷ್ಟು ಅಕ್ಷರ ಅಂತ ಕೇಳಬೇಡಿ, ನಿಮ್ಮ ಮೇಲಿನ ಮೇಲೆ ನೀವೇ ಹುಡುಕಿಕೊಳ್ಳಿ. ಮೂರಕ್ಕೂ ಆರಕ್ಕೂ ನಡುವೆ ಎಲ್ಲೋ ಇದೆ. 'ಸಾಫ್ಟ್‌ವೇರ್' ಥರದ ಪದಗಳ ನಡುವೆ ಅಡಗಿರುವ ಕಾಣದ ನಾನ್‌ಜಾಯ್ನರನ್ನೂ (ಒತ್ತಕ್ಷರ ಆಗದಂತೆ ತಡೆಯುವ ಗುರುತು) ಕಿತ್ತುಹಾಕಿ, ಇಲ್ಲದಿದ್ದರೆ ಒಂದೇ ಪದ ಎರಡಾಗಿ ದಾಖಲಾಗುತ್ತದೆ. ಕಲಿಸುವಾಗಲೂ ಡೆಲಿವರಿ ಹೊತ್ತಲ್ಲೂ ಅದೇ ಸ್ಕ್ರಿಪ್ಟ್ ಇರಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಪರೀಕ್ಷೆಯ ವಿಷಯ. ಸ್ಪ್ಯಾಮ್‌ಅಸಾಸಿನ್‌ನವರ ಸಾರ್ವಜನಿಕ ಸಂಗ್ರಹ ಇಳಿಸಿಕೊಂಡು ಅಳೆಯುವವರಿದ್ದಾರೆ. ಆರು ಸಾವಿರ ಚಿಲ್ಲರೆ ಮೇಲ್, ಇಪ್ಪತ್ತು ವರ್ಷದ ಹಿಂದಿನದು. ಆ ಸ್ಪ್ಯಾಮನ್ನು ನಮ್ಮ ಒಳ್ಳೆಯ ಮೇಲಿನ ಜೊತೆ ಬೆರೆಸಿ ಓಡಿಸಿದಾಗ 99 ಚಿಲ್ಲರೆ ಶೇಕಡಾ ಬಂತು. ಟೋಕನ್ ನೋಡಿದರೆ ಫಿಲ್ಟರ್ ಕಲಿತದ್ದು ಹೆಡರಿನ ಇಸವಿಯನ್ನು! 2002 ಇದ್ದರೆ ಸ್ಪ್ಯಾಮ್, ಇಲ್ಲದಿದ್ದರೆ ಒಳ್ಳೆಯದು. ಹಾಗಾಗಿ ನಮ್ಮದೇ ಮೇಲನ್ನು ದಿನಾಂಕದ ಪ್ರಕಾರ ಸೀಳಿದೆ: ಹಿಂದಿನ ತಿಂಗಳುಗಳದ್ದು ಕಲಿಸಲಿಕ್ಕೆ, ಆಮೇಲಿನದು ಪರೀಕ್ಷೆಗೆ. ಪ್ರತಿ ಫೈಲಿಗೆ ಓಡಿಸಿ ಎಕ್ಸಿಟ್ ಕೋಡ್ (ಕೆಲಸ ಮುಗಿದಾಗ ಅದು ಕೊಡುವ ಅಂಕಿ) ಎಣಿಸಿದರೆ ಮುಗಿಯಿತು: 0 ಸ್ಪ್ಯಾಮ್, 1 ಒಳ್ಳೆಯದು, 2 ಅನ್‌ಶ್ಯೂರ್. ನೆನಪಿನಿಂದ ಹೇಳುವುದಾದರೆ, 900ರಷ್ಟು ಸ್ಪ್ಯಾಮಿನಲ್ಲಿ ಮೊದಲು 150ರ ಮೇಲೆ ನುಸುಳುತ್ತಿದ್ದವು, ಸ್ಕ್ರಿಪ್ಟ್ ಬಂದ ಮೇಲೆ 20ರ ಆಸುಪಾಸು. ಒಳ್ಳೆಯ ಮೇಲ್ ಸ್ಪ್ಯಾಮಿಗೆ ಬಿದ್ದದ್ದು ಒಂದೋ ಎರಡೋ, ಅದೂ ಯಾವುದೋ ಬ್ಯಾಂಕಿನ ಹಬ್ಬದ ಶುಭಾಶಯ. ಫಿಲ್ಟರಿನ ಸೆಟಿಂಗ್‌ಗಳನ್ನು ಹದ ಮಾಡುವ ಬೋಗೊಟ್ಯೂನ್ ಓಡಿಸೋಣ ಅಂದರೆ ಅದಕ್ಕೆ ಪದಪಟ್ಟಿಯಲ್ಲಿ ಎರಡೂ ಬಗೆಯ ತಲಾ 2,000 ಮೇಲ್ ಬೇಕು. ಆಗ ಅಷ್ಟು ಇರಲಿಲ್ಲ, ಈಗ ಅದರ ಅಗತ್ಯ ಕಾಣುತ್ತಿಲ್ಲ.

ಟೋಕನ್ ಪಟ್ಟಿ ಕೆದಕುವಾಗ ಒಂದು ತಮಾಷೆ ಸಿಕ್ಕಿತು. ಕಚೇರಿಯ ಗುಮಾಸ್ತರು ಇನ್ನೂ ಹಳೆಯ 'ನುಡಿ' ತಂತ್ರಾಂಶದಲ್ಲೇ ಟೈಪ್ ಮಾಡಿ ಮೇಲಿಗೆ ಅಂಟಿಸುತ್ತಾರೆ. ಯುನಿಕೋಡ್ ಅಲ್ಲದ ಕಾರಣ ನೋಡಲಿಕ್ಕೆ ತಲೆಬುಡ ಇಲ್ಲದ ಲ್ಯಾಟಿನ್ ಅಕ್ಷರಗಳು. ಇದೇ ಅಪ್ಪಟ ಸ್ಪ್ಯಾಮ್ ಅನ್ನಿಸಿಕೊಳ್ಳುತ್ತದೆ ಅಂದುಕೊಂಡಿದ್ದೆ. ತಿರುಗಾಮುರುಗಾ! ಸಾಲ ಮಾರುವವರು ಯಾರೂ ನುಡಿಯಲ್ಲಿ ಬರೆಯುವುದಿಲ್ಲವಲ್ಲ. 'ಚಾಲಿ', 'ರಾಶಿ', 'ಬೆಟ್ಟೆ' ಅನ್ನುವ ಅಡಿಕೆ ಬಗೆಗಳ ಹೆಸರಿಗಿಂತ ಆ ಕಲಸುಮೇಲೋಗರದ ಟೋಕನ್‌ಗಳೇ ಒಳ್ಳೆಯ ಮೇಲಿಗೆ ಗಟ್ಟಿ ಸಾಕ್ಷಿ. ಅವನ್ನು ಯುನಿಕೋಡಿಗೆ ತಿರುಗಿಸುವ ಪ್ರಯೋಗವನ್ನು ಅಲ್ಲಿಗೇ ಕೈಬಿಟ್ಟೆ.

ಜಂಕ್ ಫೋಲ್ಡರಿಗೆ ಎಳೆದ ಮೇಲನ್ನೆಲ್ಲ ಐಮ್ಯಾಪ್‌ಸೀವ್ (ಫೋಲ್ಡರಿಗೆ ಮೇಲ್ ಬಿದ್ದಾಗ ತಾನಾಗಿ ಓಡುವ ವ್ಯವಸ್ಥೆ) ಮೂಲಕ ನೇರ ಕಲಿಸಬೇಡಿ. ಜನ ಬೇಸರ ಬಂದ ಜಿಎಸ್‌ಟಿ ನೆನಪೋಲೆಯನ್ನೂ ಅಲ್ಲಿಗೇ ತಳ್ಳುತ್ತಾರೆ. ನಾನು ಅದನ್ನು ಒಂದು ಕಡೆ ಗುಡ್ಡೆ ಹಾಕಿಸಿ, ಭಾನುವಾರ ಕಣ್ಣಾಡಿಸಿ, ಫಿಲ್ಟರ್ ತಪ್ಪಿದ್ದನ್ನು ಮಾತ್ರ -s (ಸ್ಪ್ಯಾಮ್ ಅಂತ ಕಲಿಸುವ ಆಯ್ಕೆ) ಕೊಟ್ಟು ಸೇರಿಸುತ್ತೇನೆ. ಅರ್ಧ ಗಂಟೆಯ ಕೆಲಸ. ಜೊತೆಗೇ ಬರುವ ಬೋಗೊಯುಟಿಲ್‌ನಿಂದ ಪದಪಟ್ಟಿಯನ್ನು ಪಠ್ಯ ಫೈಲಾಗಿ ಇಳಿಸುವ ಕೆಲಸವನ್ನು ಪ್ರತಿ ರಾತ್ರಿ ತಾನಾಗಿ ಓಡುವಂತೆ ಕ್ರಾನ್‌ಗೆ ಹಾಕಿಡಿ. ಪದಪಟ್ಟಿಯನ್ನು ಬರ್ಕ್ಲಿ ಡಿಬಿ ಡೇಟಾಬೇಸಿನಿಂದ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಸಾಗಿಸುವ ದಿನ ಆ ಪಠ್ಯ ಫೈಲ್ ಒಂದಿದ್ದರೆ ಸಾಕು.