ವಾಲ್ವ್ ಟ್ಯೂಬು, ಬಿದಿರುಕಡ್ಡಿ ಮತ್ತು ನಮ್ಮ ಐದನೇ ತರಗತಿ

ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕಾರ ಕಟ್ಟುವ ವಿಧಾನ ಶಿಕ್ಷಕರಿಗೆ ಹೊಸದೇನಲ್ಲ. ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಕಲಿಸುವ ಅರವಿಂದ ಗುಪ್ತಾ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ಹೋದಾಗ ರೂಪಿಸಿದ್ದು ಅದು. ಅದನ್ನು ಐದನೇ ತರಗತಿಯಲ್ಲಿ ವರ್ಷವಿಡೀ ನಡೆಸುತ್ತೇನೆಂದು ನಾನು ಹೇಳಿದಾಗ ‘ಪಾಠ ಮುಗಿಯುವುದಿಲ್ಲ ಮೇಷ್ಟ್ರೇ’ ಎಂದು ಸಹೋದ್ಯೋಗಿಗಳೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೂ ಎಚ್ಚರಿಸಿದರು. ಮಕ್ಕಳು ಬ್ಯಾಗಿಲ್ಲದೆ ಬಂದು ಚಟುವಟಿಕೆ ಮಾಡುವ, ತಿಂಗಳಿಗೊಂದು ಸಂಭ್ರಮ ಶನಿವಾರ ಸಾಕೆಂಬುದು ಅವರ ವಾದವಾಗಿತ್ತು. ಸಾಲದು, ಮುಂದಿನ ಶನಿವಾರ ಬರುವಷ್ಟರಲ್ಲಿ ಬೆರಳುಗಳಿಗೆ ಮರೆತುಹೋಗಿರುತ್ತದೆ.

ಮೊದಲು ಕೈಕೊಟ್ಟದ್ದು ಕಡ್ಡಿ. ಮೇಣದ ಬೆಂಕಿಕಡ್ಡಿ ಬಾಗಿತು. ತೆಂಗಿನ ಪೊರಕೆಯ ಕಡ್ಡಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ಆದ್ದರಿಂದ ಒಂದೇ ಅಳತೆಯ ತುಂಡು ಸಿಗಲಿಲ್ಲ. ದೇವಸ್ಥಾನದಿಂದ ತಂದ ಊದುಬತ್ತಿಯ ಕಡ್ಡಿ ಪುಕ್ಕಟೆಯಾದರೂ ಟ್ಯೂಬಿನಿಂದ ಜಾರುತ್ತಿತ್ತು. ಕೊನೆಗೆ ಸಂತೆಯಲ್ಲಿ ಮೊರ ಮಾರುವ ಮೇದಾರರೊಬ್ಬರು ನಾನು ಕೇಳಿದ ದಪ್ಪಕ್ಕೆ ಬಿದಿರು ಸೀಳಿಕೊಟ್ಟರು. ಅದಕ್ಕೆ ಸುಮಾರು ಮುನ್ನೂರು, ಟ್ಯೂಬಿಗೆ ಇನ್ನೂರು ರೂಪಾಯಿ ನನ್ನ ಜೇಬಿನಿಂದಲೇ ಹೋಯಿತು. ಮೂವತ್ತು ಚಿಲ್ಲರೆ ಮಕ್ಕಳಿಗೆ ವರ್ಷಪೂರ್ತಿ ಸಾಕಾಯಿತು. ಅದಕ್ಕೂ ಮುಂಚೆ ದಾನಿಯೊಬ್ಬರು ಕೊಡಿಸಿದ್ದ ಏಳೆಂಟು ಸಾವಿರದ ಮೋಟಾರ್ ಕಿಟ್ಟು, ಬ್ಯಾಟರಿ ಮುಗಿದ ಮೇಲೆ ಬೀರು ಸೇರಿತ್ತು.

ನಾನು ಮಾದರಿ ತೋರಿಸುವುದಿಲ್ಲ, ಕೆಲಸ ಹೇಳುತ್ತೇನೆ: ಒಂದು ಮೊಳ ಅಂತರದ ಎರಡು ಬೆಂಚುಗಳ ನಡುವೆ ಸೇತುವೆ ಕಟ್ಟಬೇಕು, ಅದು ಪಠ್ಯಪುಸ್ತಕಗಳನ್ನು ಹೊರಬೇಕು. ಎಲ್ಲರೂ ಮೊದಲು ಚೌಕಗಳನ್ನೇ ಜೋಡಿಸಿದರು, ಎಲ್ಲವೂ ವಾಲಿದವು. ಒಬ್ಬ ಹುಡುಗಿ ಚೌಕದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಓರೆಯಾಗುವುದನ್ನು ಮತ್ತೆ ಮತ್ತೆ ನೋಡಿ, ಉದ್ದನೆಯ ಕಡ್ಡಿಯೊಂದನ್ನು ಮೂಲೆಯಿಂದ ಮೂಲೆಗೆ ಸಿಕ್ಕಿಸಿದಳು. ಚೌಕ ಅಲುಗಲಿಲ್ಲ. ಆ ವಾರವೇ ತರಗತಿಯ ಅಲ್ಲಾಡುವ ಬೆಂಚಿನ ಕಾಲುಗಳಿಗೂ ಓರೆಯಾಗಿ ಪಟ್ಟಿ ಹೊಡೆಯಬೇಕೆಂದು ಅವಳೇ ಹೇಳಿದಳು, ಹೊಡೆಸಿದೆವು. ತ್ರಿಭುಜದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಕರಿಹಲಗೆಯೂ ಕಲಿಸದು.

ನಡುವೆ ಹಳೆಯ ದಿನಪತ್ರಿಕೆ ಸುತ್ತಿದ ಕೊಳವೆಗಳಿಂದ ಆಳೆತ್ತರದ ಗೋಪುರವನ್ನೂ ಕಟ್ಟಿಸಿದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತದ್ದು ಮಳೆಗಾಲದ ತೇವಕ್ಕೆ ಕುಸಿಯಿತು. ಟ್ಯೂಬಿಗೆ ಬಿಸಿಲೇ ಶತ್ರು, ಆದ್ದರಿಂದ ಅದನ್ನು ಮುಚ್ಚಿದ ಡಬ್ಬಿಯಲ್ಲಿಡಬೇಕು. ಒಂದೇ ಗಂಟಿಗೆ ಆರು ಕಡ್ಡಿ ಸೇರಿಸುವ ನಮ್ಮ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಶಾಲೆಗೆ ಬಂದವರಿಗೆ ಮಕ್ಕಳೇ ತೋರಿಸುತ್ತಾರೆ. ಪಾಠಗಳು ಫೆಬ್ರವರಿಯಲ್ಲೇ ಮುಗಿದವು. ಎಚ್ಚರಿಸಿದ್ದ ಸಹೋದ್ಯೋಗಿಯೊಬ್ಬರು ಈ ವರ್ಷ ಆರನೇ ತರಗತಿಗೆಂದು ಅದೇ ಮೇದಾರರ ಬಳಿ ಕಡ್ಡಿ ಸೀಳಿಸಿಕೊಂಡಿದ್ದಾರೆ.