ತಂಬಾಕಿನ ಹೊಲದಲ್ಲಿ ತವರಿನ ಸೇವಂತಿಗೆ

ನಿಪ್ಪಾಣಿ ಸೀಮೆಯಲ್ಲಿ ಹೊಲವೆಂದರೆ ಮೊದಲು ನೆನಪಾಗುವುದು ತಂಬಾಕು. ನಾನು ಮದುವೆಯಾಗಿ ಬಂದ ಮನೆಯಲ್ಲೂ ಮೂರು ತಲೆಮಾರಿನಿಂದ ಬೀಡಿ ತಂಬಾಕನ್ನೇ ಬೆಳೆದವರು. ನನ್ನ ತವರು ಬೈಲಹೊಂಗಲದ ಕಡೆ. ಅಲ್ಲಿ ಅವ್ವನ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಹೋಗುವ ದಾರಿಯ ಪಕ್ಕದಲ್ಲಿ, ಹಳದಿ ಸೇವಂತಿಗೆಯ ಒಂದು ಸಾಲು ಇತ್ತು. ಅದನ್ನು ಯಾರು ನೆಟ್ಟರೆಂದು ಅವ್ವನಿಗೂ ಗೊತ್ತಿರಲಿಲ್ಲ, ಅವಳು ಸೊಸೆಯಾಗಿ ಬರುವ ಮೊದಲೇ ಇತ್ತಂತೆ. ಮದುವೆಯಾದ ವರ್ಷ ಕಾರ ಹುಣ್ಣಿಮೆಗೆ ಹೋದವಳು ಮರಳುವಾಗ ಹನ್ನೆರಡು ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದೆ. ಹೊಲದ ಅಂಚಿನಲ್ಲಿ, ದನದ ಕೊಟ್ಟಿಗೆಯ ಹತ್ತಿರ ನೆಟ್ಟೆ. ಆ ಹನ್ನೆರಡು ಇಂದು 5 ಗುಂಟೆಯಾಗಿವೆ. ನಡುವೆ ಎರಡು ಸಲ ಎಲ್ಲವೂ ಕೈಬಿಟ್ಟು ಹೋಗುವುದರಲ್ಲಿತ್ತು.

ಮೊದಲ ಸಲದ್ದು ಹೀಗೆ. ದೀಪಾವಳಿಗೆ ಹೂ ಬಂತು, ಡಿಸೆಂಬರ್ ಮುಗಿಯುವಷ್ಟರಲ್ಲಿ ಗಿಡ ಒಣಗಿ ಕಂದುಬಣ್ಣಕ್ಕೆ ತಿರುಗಿತು. ತಂಬಾಕಿನ ಮನೆಯಲ್ಲಿ ಬೆಳೆ ಮುಗಿಯಿತೆಂದರೆ ಕೂಳೆ ಕಿತ್ತು ಹೊಲ ಹಸನು ಮಾಡುವುದು ವಾಡಿಕೆ. ಮಾವನವರು ಅದೇ ರೂಢಿಯಂತೆ ಸೇವಂತಿಗೆಯನ್ನೂ ಕಿತ್ತು ತಿಪ್ಪೆಗೆ ಹಾಕಿದ್ದರು. ಸಂಜೆ ಸಗಣಿ ಹಾಕಲು ಹೋದಾಗ ನೋಡಿದೆ. ಒಂದು ಬುಡವನ್ನು ಎತ್ತಿ ಮಣ್ಣು ಕೊಡವಿದೆ. ಒಣಗಿದ ಕಾಂಡದ ಸುತ್ತ, ಬೇರಿನ ನಡುವಿನಿಂದ, ಕಿರುಬೆರಳಿನಷ್ಟು ಉದ್ದದ ಬೆಳ್ಳನೆಯ ಮೊಳಕೆಗಳು ಅಡ್ಡಡ್ಡ ಹೊರಟಿದ್ದವು. ತುದಿಯಲ್ಲಿ ಮಡಚಿಕೊಂಡಿದ್ದ ಎಲೆ ಇನ್ನೂ ನಸುಗೆಂಪಾಗಿತ್ತು. ಮೇಲಿನ ಗಿಡ ಸತ್ತಂತೆ ಕಾಣುವ ಹೊತ್ತಿಗೇ ಕೆಳಗೆ ಮುಂದಿನ ವರ್ಷದ ಗಿಡ ಹುಟ್ಟಿಯಾಗಿತ್ತು. ತಿಪ್ಪೆಯಿಂದ ಆರಿಸಿದ ಬುಡಗಳನ್ನು ಹಳೆಯ ಡಬ್ಬಿಗಳಲ್ಲಿ ನೆಟ್ಟು ಬೇವಿನ ಮರದ ಕೆಳಗಿಟ್ಟೆ.

ಸೇವಂತಿಗೆ ಬೆಳೆಯಬೇಕೆನ್ನುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಇದು ಒಂದು ಹಂಗಾಮಿನ ಗಿಡವಲ್ಲ, ಬಹುವಾರ್ಷಿಕ. ಹೂ ಮುಗಿದ ಮೇಲೆ ಜನವರಿಯಲ್ಲಿ ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಬೇಕು, ಬುಡಕ್ಕೆ ತಿಪ್ಪೆಗೊಬ್ಬರ ಕೊಡಬೇಕು, ಏಪ್ರಿಲ್-ಮೇ ಬಿಸಿಲಿನಲ್ಲಿ ನೆರಳು ಕಟ್ಟಬೇಕು. ಒಂದು ತಾಯಿಗಿಡ ನನ್ನಲ್ಲಿ ಹತ್ತರಿಂದ ಇಪ್ಪತ್ತು ಮರಿಗಳನ್ನು ಕೊಟ್ಟಿದೆ. ಬೀಜದಿಂದ ಬೆಳೆದರೆ ತಾಯಿಯ ಹೂವೇ ಬರುತ್ತದೆಂಬ ಭರವಸೆಯಿಲ್ಲ. ಮರಿಯಿಂದ ಬೆಳೆದದ್ದು ಅದೇ ಗಿಡ. ನನ್ನ ಹೊಲದಲ್ಲಿರುವುದು ಅವ್ವನ ಹಿತ್ತಲಿನ ಗಿಡದ ಸಂತತಿ ಎನ್ನುವುದಕ್ಕಿಂತ ಆ ಗಿಡವೇ ಎನ್ನುವುದು ಹೆಚ್ಚು ಸರಿ. ಮರಿ ಸಾಲದಿದ್ದರೆ ಕುಡಿಯನ್ನು ಎರಡು ಅಂಗುಲ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ಚುಚ್ಚಿದರೆ ಎರಡು-ಮೂರು ವಾರದಲ್ಲಿ ಬೇರು ಬಿಡುತ್ತದೆ.

ಎರಡನೆಯ ಸಲ ಕೈಬಿಟ್ಟದ್ದು ಜುಲೈ ಮಳೆಯಲ್ಲಿ. ನಮ್ಮದು ಎರೆಮಣ್ಣು. ತಂಬಾಕಿಗೆ ಆ ಮಣ್ಣು ಒಪ್ಪುತ್ತದೆ, ಆದರೆ ಸೇವಂತಿಗೆಯ ಬೇರು ನಿಂತ ನೀರನ್ನು ತಡೆಯುವುದಿಲ್ಲ. ಸಮತಟ್ಟಾದ ನೆಲದಲ್ಲಿ ನೆಟ್ಟಿದ್ದ ಅರವತ್ತು ಗಿಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವಾರದ ಜಡಿಮಳೆಗೆ ಸೊರಗಿದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಹಿಡಿದೆಳೆದರೆ ಸಿಪ್ಪೆ ಜಾರಿ ಬರುತ್ತಿತ್ತು. ಅಂದಿನಿಂದ ಏರುಮಡಿ ಬಿಟ್ಟು ನೆಡುವುದಿಲ್ಲ. ಮಡಿ 3 ಅಡಿ ಅಗಲ, 1 ಅಡಿ ಎತ್ತರ, ನಡುವೆ ಒಂದೂವರೆ ಅಡಿ ಕಾಲುದಾರಿ. ಒಂದು ಮಡಿಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ 1 ಅಡಿ. ಈ ಲೆಕ್ಕದಲ್ಲಿ 5 ಗುಂಟೆಗೆ ಸುಮಾರು 2,400 ಗಿಡ ಹಿಡಿಯುತ್ತವೆ. ಮಡಿಗೆ ಕೆಂಪುಮಣ್ಣು ಮತ್ತು ತಿಪ್ಪೆಗೊಬ್ಬರ ಬೆರೆಸಿದೆ. ನೀರು ಹನಿ ನೀರಾವರಿಯಿಂದ ಬುಡಕ್ಕೆ ಮಾತ್ರ. ಎಲೆ ನೆನೆದಷ್ಟೂ ಎಲೆಚುಕ್ಕೆ ರೋಗ ಕೆಳಗಿನ ಎಲೆಯಿಂದ ಮೇಲಕ್ಕೆ ಏರುತ್ತದೆ, ಹಾಗಾಗಿ ನೆಲಕ್ಕೆ ತಾಗುವ ಎಲೆಗಳನ್ನು ಮೊದಲೇ ಕಿತ್ತುಬಿಡುತ್ತೇನೆ. ಹೇನಿಗೂ ನುಸಿಗೂ ಬೇವಿನ ಎಣ್ಣೆಯನ್ನು ಸಂಜೆಯ ಹೊತ್ತು ಸಿಂಪಡಿಸುತ್ತೇನೆ. ಮೊಗ್ಗು ಬಿರಿಯುವ ಮೊದಲೇ ಇದು ಮುಗಿದಿರಬೇಕು, ಆಮೇಲೆ ಹೂವಿಗೆ ವಾಸನೆ ಹತ್ತುತ್ತದೆ.

ಇನ್ನು ಕುಡಿ ಚಿವುಟುವ ಕೆಲಸ. ಇದರಲ್ಲಿ ನನಗೆ ಗುರುಗಳೆಂದರೆ ಮಾವನವರೇ. ತಂಬಾಕಿನ ಗಿಡ ಹೂವಿಗೆ ಬಂದಾಗ ಅದರ ತಲೆಯನ್ನು ಮುರಿಯುತ್ತಾರೆ. ಹೂವಿಗೂ ಬೀಜಕ್ಕೂ ಹೋಗುವ ಸತ್ವ ಎಲೆಗೆ ಇಳಿದು, ಎಲೆ ದಪ್ಪವಾಗಲೆಂದು. ಮುರಿದ ಮೇಲೆ ಎಲೆಯ ಕಂಕುಳಲ್ಲಿ ಹೊರಡುವ ಚಿಗುರುಗಳನ್ನೂ ಬಿಡದೆ ತೆಗೆಯಬೇಕು. ಅವರ ಬೆರಳುಗಳಿಗೆ ಆ ಅಂಟು ಹತ್ತಿ ಹತ್ತಿ ಕಪ್ಪಾಗಿರುತ್ತಿತ್ತು. ಸೇವಂತಿಗೆಯಲ್ಲೂ ತಲೆಯನ್ನು ಚಿವುಟುತ್ತೇವೆ, ಆದರೆ ಉದ್ದೇಶ ತೀರಾ ಉಲ್ಟಾ. ಇಲ್ಲಿ ಕಂಕುಳ ಚಿಗುರೇ ನಮಗೆ ಬೇಕಾದದ್ದು. ಒಂದು ಕುಡಿ ಹೋದರೆ ಮೂರು-ನಾಲ್ಕು ಕವಲು ಬರುತ್ತವೆ, ಪ್ರತಿ ಕವಲಿಗೂ ಹೂವಿನ ಗೊಂಚಲು. ನೆಟ್ಟು ನಾಲ್ಕು ವಾರಕ್ಕೆ ಒಮ್ಮೆ, ಮತ್ತೆ ಮೂರು ವಾರ ಬಿಟ್ಟು ಇನ್ನೊಮ್ಮೆ ಚಿವುಟುತ್ತೇನೆ. ಆಗಸ್ಟ್ ಮುಗಿದ ಮೇಲೆ ಕೈ ಹಚ್ಚುವುದಿಲ್ಲ.

ಮೊದಲ ಸಲ ನಾನು ಕತ್ತರಿ ಹಿಡಿದು ಹೋದಾಗ ಮಾವನವರು ನೋಡುತ್ತ ನಿಂತಿದ್ದರು. “ತಾಯಿ, ಕತ್ತರಿ ಬೇಡ. ಎಲ್ಲಿ ಬೆರಳಿಗೆ ಪಟ್ಟನೆ ಮುರಿಯುತ್ತದೋ ಅಲ್ಲಿ ಮುರಿ. ಬಾಗಿದರೆ ಅದು ಬಲಿತಿದೆ, ಬಿಟ್ಟುಬಿಡು” ಎಂದರು. ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಕುಡಿಯನ್ನು ಹಿಡಿದು ಪಕ್ಕಕ್ಕೆ ಬಾಗಿಸಿದೆ. ಎರಡೆಲೆಯ ಕೆಳಗೆ ಸಣ್ಣ ಸದ್ದಿನೊಂದಿಗೆ ಮುರಿಯಿತು. ಕಹಿಯೂ ಕರ್ಪೂರವೂ ಬೆರೆತಂಥ ವಾಸನೆ ಮೂಗಿಗೆ ಬಂತು. 2,400 ಗಿಡಗಳನ್ನು ಚಿವುಟಿ ಮುಗಿಸುವಷ್ಟರಲ್ಲಿ ಆ ವಾಸನೆ ಸೆರಗಿಗೂ ರೊಟ್ಟಿಗೂ ಹತ್ತಿರುತ್ತದೆ. ನನಗೆ ಅದು ಇಷ್ಟ.

ಮೂರನೆಯ ವರ್ಷ ಪೂರ್ತಿ 5 ಗುಂಟೆ ನೆಟ್ಟೆ. ಗಿಡ ಚೆನ್ನಾಗಿ ಬಂತು. ಸೆಪ್ಟೆಂಬರ್ ಕೊನೆಗೆ ಮೊಗ್ಗು ಕಾಣಿಸಿಕೊಂಡಿತು. ಕೊಟ್ಟಿಗೆಯ ಪಕ್ಕದ ಗಿಡಗಳಲ್ಲಿ ಮಾತ್ರ ಒಂದೂ ಮೊಗ್ಗಿಲ್ಲ. ಅವು ಉಳಿದವುಗಳಿಗಿಂತ ಎತ್ತರವಾಗಿ, ಹಸಿರಾಗಿ, ಎಲೆ ತುಂಬಿಕೊಂಡು ನಿಂತಿದ್ದವು. ಗೊಬ್ಬರ ಹೆಚ್ಚಾಯಿತೆಂದು ಒಬ್ಬರು ಹೇಳಿದರು, ದನದ ಗಂಜಲ ಹರಿದು ಹೀಗಾಯಿತೆಂದು ಇನ್ನೊಬ್ಬರು. ನಾನು ಆ ಮಡಿಗಳಿಗೆ ನೀರು ಕಡಿಮೆ ಮಾಡಿ ನೋಡಿದೆ. ಏನೂ ಆಗಲಿಲ್ಲ.

ಅಕ್ಟೋಬರ್‌ನ ಒಂದು ರಾತ್ರಿ ಕರು ಕೂಗಿತೆಂದು ಎದ್ದು ಹೋದೆ. ಆಗಸ್ಟ್‌ನಲ್ಲಿ ಆಕಳು ಈಯುವ ದಿನ ಹತ್ತಿರ ಬಂದಾಗ ಕೊಟ್ಟಿಗೆಯ ಮುಂದೆ ಒಂದು ಎಲ್‌ಇಡಿ ಬಲ್ಬು ಕಟ್ಟಿದ್ದೆವು. ಕರು ಹುಟ್ಟಿದ ಮೇಲೂ ಅದು ರಾತ್ರಿಯಿಡೀ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತು ಹೊಲದ ಕಡೆ ನೋಡಿದೆ. ಬೆಳಕು ಮಡಿಗಳ ಮೇಲೆ ಅರ್ಧಚಂದ್ರದಂತೆ ಬಿದ್ದಿತ್ತು. ಮೊಗ್ಗಿಲ್ಲದ ಗಿಡಗಳೂ ಅದೇ ಅರ್ಧಚಂದ್ರದೊಳಗೇ ಇದ್ದವು. ಬೆಳಕು ಮಂಕಾಗುವ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮೊಗ್ಗು, ಅದರಾಚೆಯ ಕತ್ತಲೆಯಲ್ಲಿ ಪ್ರತಿ ಕವಲಿಗೂ ಮೊಗ್ಗು. ಆಗಲೇ ಬಲ್ಬು ಆರಿಸಿದೆ.

ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದ ನಮ್ಮ ಸಂಬಂಧಿಕರ ಹುಡುಗಿ ಮರುದಿನ ಫೋನಿನಲ್ಲಿ ಕಾರಣ ಹೇಳಿದಳು. ಸೇವಂತಿಗೆ ರಾತ್ರಿಯ ಉದ್ದವನ್ನು ಅಳೆಯುವ ಗಿಡ. ನಮ್ಮ ಕಡೆ ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ 11 ಗಂಟೆಗಿಂತ ತುಸು ಹೆಚ್ಚು. ಮಳೆಗಾಲ ಹಿಂದೆ ಸರಿದು ರಾತ್ರಿ ಉದ್ದವಾಗುತ್ತ ಬಂದಾಗ ಗಿಡ ಎಲೆ ಬಿಡುವುದನ್ನು ನಿಲ್ಲಿಸಿ ಮೊಗ್ಗು ಕಟ್ಟುತ್ತದೆ. ನಡುರಾತ್ರಿ ದೀಪ ಬಿದ್ದರೆ ಒಂದು ಉದ್ದನೆಯ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗಿ ತುಂಡಾಗುತ್ತದೆ, ಗಿಡಕ್ಕೆ ಇನ್ನೂ ಬೇಸಿಗೆಯೇ ಇದ್ದಂತೆ. ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ನಂಟನ್ನು ಮೊದಲು ಬಿಡಿಸಿ ಹೇಳಿದವರು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು, 1920ರಲ್ಲಿ. ಅವರಿಗೆ ದಾರಿ ತೋರಿಸಿದ್ದು ಬೇಸಿಗೆಯಲ್ಲಿ ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತಲೇ ಹೋಗುತ್ತಿದ್ದ ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಂಬಾಕಿನ ತಳಿ. ಇದನ್ನು ಮಾವನವರಿಗೆ ಹೇಳಿದಾಗ ಅವರು ಊಟ ನಿಲ್ಲಿಸಿ, ಇನ್ನೊಮ್ಮೆ ಹೇಳು ಎಂದು ಕೇಳಿಸಿಕೊಂಡರು.

ದೀಪ ಆರಿಸಿದ ಮೂರನೆಯ ವಾರಕ್ಕೆ ಆ ಗಿಡಗಳಲ್ಲಿ ಸಾಸಿವೆಯಷ್ಟು ಮೊಗ್ಗು ಕಂಡಿತು. ದೀಪಾವಳಿಗೆ ಅವು ಒದಗಲಿಲ್ಲ. ಡಿಸೆಂಬರ್ ಕೊನೆಗೆ, ಉಳಿದ ಮಡಿಗಳ ಹೂ ಮುಗಿಯುತ್ತ ಬಂದಾಗ, ಅವು ತುಂಬಿ ಅರಳಿದವು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ಭೂತಾಯಿಯ ನೈವೇದ್ಯ, ಚೆಲ್ಲಲು ಹೋಗುವ ಮನೆಗಳವರು ಹೂ ಹುಡುಕುತ್ತಿದ್ದ ದಿನಗಳವು. ಈಗ ಪ್ರತಿ ವರ್ಷ ಎರಡು ಮಡಿಗಳಿಗೆ ಬೇಕೆಂದೇ ದೀಪ ಕೊಡುತ್ತೇನೆ. 9 ವ್ಯಾಟಿನ ಬಲ್ಬುಗಳನ್ನು ಗಿಡದಿಂದ ನಾಲ್ಕೈದು ಅಡಿ ಮೇಲೆ, ಆರು ಅಡಿಗೊಂದರಂತೆ ಕಟ್ಟಿ, ರಾತ್ರಿ 11ರಿಂದ 2ರವರೆಗೆ ಮಾತ್ರ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಉಳಿದ ಮಡಿಗಳ ಮೇಲೆ ಬೆಳಕು ಬೀಳದಂತೆ ನಡುವೆ ತಾಡಪತ್ರಿ ಇಳಿಬಿಡುತ್ತೇನೆ. ಹೂ ಎಲ್ಲವೂ ಒಂದೇ ವಾರಕ್ಕೆ ಬಂದು ದರ ಬೀಳುವ ಸಂಕಟ ಇದರಿಂದ ಸ್ವಲ್ಪ ತಗ್ಗಿದೆ.

ಕೊಯ್ಲು ಇಬ್ಬನಿ ಆರಿದ ಮೇಲೆಯೇ. ಒದ್ದೆ ಹೂವನ್ನು ಬುಟ್ಟಿಗೆ ತುಂಬಿದರೆ ಒಳಗೆ ಕಾವು ಹುಟ್ಟಿ ನಡುವಿನ ಹೂ ಸಂಜೆಗೇ ಕಂದುತ್ತದೆ. ಹೊರಗಿನ ಎಸಳು ಪೂರ್ತಿ ಬಿಚ್ಚಿ, ನಡುವಿನವು ಇನ್ನೂ ಬಿಗಿಯಾಗಿರುವಾಗ ಕಿತ್ತರೆ ಮೂರು-ನಾಲ್ಕು ದಿನ ಬಾಳುತ್ತದೆ. ಕಳೆದ ಹಂಗಾಮಿನಲ್ಲಿ 5 ಗುಂಟೆಯಿಂದ 480 ಕಿಲೋ ಕಿತ್ತೆವು. ಹೆಚ್ಚಿನದು ನಿಪ್ಪಾಣಿ ಪೇಟೆಗೆ, ಹಬ್ಬದ ಹಿಂದಿನ ದಿನದ್ದು ಕೊಲ್ಹಾಪುರಕ್ಕೆ. ಮನೆಗೆ ಮೊದಲ ಬುಟ್ಟಿ ತೆಗೆದಿಡುತ್ತೇವೆ. ದೀಪಾವಳಿ ಪಾಡ್ಯದ ದಿನ ಸಗಣಿಯಿಂದ ಮಾಡಿದ ಪಾಂಡವರ ಗೊಂಬೆಗಳಿಗೆ ಉತ್ತರಾಣಿ ಕಡ್ಡಿ, ಚೆಂಡುಹೂವಿನ ಜೊತೆಗೆ ಈಗ ನಮ್ಮ ಸೇವಂತಿಗೆಯೂ ಏರುತ್ತದೆ.

ಮಾಲೆ ಕಟ್ಟುವಾಗ ಒಂದು ಹೂವನ್ನು ಬಿಚ್ಚಿ ನೋಡಿ. ನಾವು ಎಸಳೆಂದು ಕರೆಯುವ ಒಂದೊಂದರ ಬುಡದಲ್ಲೂ ಎಳ್ಳಿನ ಮೊನೆಯಷ್ಟು ಬಿಳಿ ಕಾಯಿಗೂಡು ಇರುತ್ತದೆ. ಒಂದೊಂದು ಎಸಳೂ ಒಂದೊಂದು ಹೂ. ನೂರಾರು ಹೂಗಳು ಒಂದೇ ತೊಟ್ಟಿನ ಮೇಲೆ ಕುಳಿತಿರುವುದನ್ನು ನಾವು ಒಂದು ಸೇವಂತಿಗೆ ಎನ್ನುತ್ತೇವೆ. ನಮ್ಮ ಸೂರ್ಯಕಾಂತಿ, ವಿಜಯಪುರ ಕಡೆಯ ಕುಸುಬೆ, ಚೆಂಡುಹೂ, ಮಾಲೆಗೆ ಪರಿಮಳ ಕೊಡುವ ದವನ ಎಲ್ಲವೂ ಇದೇ ಕುಟುಂಬದವು. ಸೂಜಿಯಿಂದ ಪೋಣಿಸುವಾಗ ತೊಟ್ಟಿನ ಕಡೆಯಿಂದ ನಡುಮಧ್ಯಕ್ಕೆ ಚುಚ್ಚಬೇಕು. ಪಕ್ಕಕ್ಕೆ ಜಾರಿದರೆ ಎಸಳುಗಳು ಹಿಡಿಹಿಡಿಯಾಗಿ ಕಳಚಿಬೀಳುತ್ತವೆ.

ಕಳೆದ ಆಗಸ್ಟ್‌ನ ಮಳೆಗೆ ಅವ್ವನ ಹಿತ್ತಲಿಗೆ ನೀರು ನುಗ್ಗಿ ಆ ಹಳೆಯ ಸಾಲು ಪೂರ್ತಿ ಕೊಳೆತುಹೋಯಿತು. ಫೋನಿನಲ್ಲಿ ಅವಳು ಗಿಡದ ಸುದ್ದಿಯನ್ನು ಕೊನೆಗೆ, ಇಡುವ ಮೊದಲು ಹೇಳಿದಳು. ಈ ಜೂನ್‌ನಲ್ಲಿ ನಲವತ್ತು ಮರಿಗಳನ್ನು ಬೇರಿನ ಮಣ್ಣು ಉದುರದಂತೆ ಎಬ್ಬಿಸಿ, ಹತ್ತು ಹತ್ತರ ಕಟ್ಟು ಮಾಡಿ, ಒದ್ದೆ ಗೋಣಿಯಲ್ಲಿ ಸುತ್ತಿದೆ. ಏರುಮಡಿ ಮಾಡಿಯೇ ನೆಡಬೇಕು, ಬಚ್ಚಲ ಮುಂದಿನ ದೀಪ ರಾತ್ರಿ ಆರಿಸಬೇಕು ಎಂದು ತಮ್ಮನಿಗೆ ಎರಡು ಸಲ ಹೇಳಿ, ಬೆಳಗಿನ ಬಸ್ಸಿಗೆ ಕಳುಹಿಸಿದೆ.