ಮುಂಗಡದ ಜಾಡು ಹಿಡಿದು ಆರಿಸಿದ ಪುಸ್ತಕ

ನಾನು ಪಾಠ ಮಾಡುವ 'ರೈತರು ಮತ್ತು ವಲಸೆ' ಎಂಬ ಇತಿಹಾಸದ ಪತ್ರಿಕೆಗೆ (ಕೋರ್ಸಿಗೆ) ಒಂದೇ ಮುಖ್ಯ ಪಠ್ಯ ಇಡಬೇಕಿತ್ತು. ಎರಡು ವರ್ಷ ಸೋತೆ. ಮೊದಲ ವರ್ಷ ಹೆಸರು ನೋಡಿ ರಣಜಿತ್ ಗುಹಾ ಅವರ 1983ರ ಕೃತಿ ತಂದೆ. ದಂಗೆಯೆದ್ದ ರೈತನ ಮನಸ್ಸು ಅದರಲ್ಲಿ ಸೊಗಸಾಗಿ ಸಿಗುತ್ತದೆ; ಗಂಟುಮೂಟೆ ಕಟ್ಟಿ ಊರು ಬಿಟ್ಟವನನ್ನು ಹುಡುಕಿದ ನನ್ನ ತರಗತಿಯ ಮಕ್ಕಳಿಗೆ ಅದು ಒದಗಲಿಲ್ಲ. ಮರುವರ್ಷ ಹ್ಯೂ ಟಿಂಕರ್ ಅವರ 1974ರ ಪುಸ್ತಕ. ಮಾರಿಷಸ್, ಫಿಜಿ, ಟ್ರಿನಿಡಾಡಿಗೆ ಕರಾರು ಕೂಲಿಗಳು ಹಡಗು ಹತ್ತಿದ ಮೇಲಿನ ಕಥೆ ಗಟ್ಟಿ, ಬಿಟ್ಟುಬಂದ ಹಳ್ಳಿ ಮಾತ್ರ ನನಗೆ ತೆಳುವೆನಿಸಿತು. ಪುಸ್ತಕ, ಜೆರಾಕ್ಸ್ ಎಲ್ಲ ಸೇರಿ ಆರು ಸಾವಿರ ದಾಟಿರಬೇಕು, ಎಲ್ಲವೂ ಕೈಯಿಂದಲೇ.

ಮೂರನೇ ವರ್ಷ ಮುನ್ನುಡಿ ಮುಟ್ಟಲೇ ಇಲ್ಲ. ಕೊನೆಯ ಪದಸೂಚಿಯಲ್ಲಿ ಮುಂಗಡ, ಸಾಲ, ಹಾಲಿ (ಸಾಲಕ್ಕೆ ಕಟ್ಟುಬಿದ್ದ ಜೀತದಾಳು), ಕಂಗಾಣಿ (ತೋಟಕ್ಕೆ ಕೂಲಿಗಳನ್ನು ಕರೆತರುವ ಮೇಸ್ತ್ರಿ) ಎಂಬ ಪದಗಳನ್ನು ಹುಡುಕಿ, ಆ ಪುಟಗಳನ್ನಷ್ಟೇ ಓದಿದೆ. ಹಣ ಕೊಟ್ಟವರು ಯಾರು, ಎಲ್ಲಿ ಬರೆದಿಟ್ಟರು, ಆಳು ಓಡಿಹೋದರೆ ಏನಾಯಿತು? "ಸೂಚಿ ನೋಡಿ ಪಠ್ಯ ಆರಿಸುತ್ತಾರೇನ್ರೀ?" ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಆದರೆ ಆಳು ಓಡಿಹೋದರೆ ಎಂಬ ಮೂರನೇ ಪ್ರಶ್ನೆಗೆ ಹೆಚ್ಚಿನ ಪುಸ್ತಕಗಳು ಬಾಯಿ ಬಿಡುವುದಿಲ್ಲ, ನನ್ನ ಜರಡಿ ಅದೇ.

ಗೆದ್ದದ್ದು ಯಾನ್ ಬ್ರೆಮನ್ ಅವರ 1985ರ ಪುಸ್ತಕ. ದಕ್ಷಿಣ ಗುಜರಾತಿನಲ್ಲಿ ಮದುವೆಗೆಂದು ಸಾಲ ಪಡೆದು ಭೂಮಾಲಿಕ ಅನಾವಿಲ ಬ್ರಾಹ್ಮಣರ ಮನೆಯಲ್ಲಿ ಹಾಲಿಯಾಗಿ ಉಳಿಯುತ್ತಿದ್ದ ದುಬ್ಲಾ ಬುಡಕಟ್ಟಿನವರ ಕಥೆ ಅದರಲ್ಲಿದೆ. ಮುಂದೆ ಅವರ ಪೈಕಿಯವರೇ ಮುಂಗಡ ಪಡೆದು ಇಟ್ಟಿಗೆ ಭಟ್ಟಿಗೆ ಹೊರಡುತ್ತಾರೆ. ಆಳುತನ ಮತ್ತು ವಲಸೆಯ ನಡುವಿನ ಎಳೆ ನನ್ನ ಮಕ್ಕಳಿಗೆ ಕಂಡದ್ದು ಅಲ್ಲಿ. ಅದರ ಪಕ್ಕದಲ್ಲಿ ಧರ್ಮ ಕುಮಾರ್ ಅವರ 1965ರ ಪುಸ್ತಕ. ಮದ್ರಾಸ್ ಪ್ರಾಂತ್ಯದಲ್ಲಿ ಭೂಮಿಯಿಲ್ಲದ ಕೂಲಿಗಳು ಬ್ರಿಟಿಷರಿಗಿಂತ ಮುಂಚೆಯೇ ಇದ್ದರು, ಜಾತಿಯೇ ಅವರನ್ನು ಅಲ್ಲಿ ಇಟ್ಟಿತ್ತು ಎಂಬ ವಾದ ಕೇಳದೆ ಯಾರೂ ಈ ಪತ್ರಿಕೆ ಮುಗಿಸಬಾರದು.

ಇದೇ ಜಾಡಿನಲ್ಲಿ ಸಿಲೋನಿನ (ಈಗಿನ ಶ್ರೀಲಂಕಾ) ತೋಟಗಳ ಕಥೆಗೂ ಹೋದೆ. ಅಲ್ಲಿನ ತುಂಡು ಎಂಬ ಚೀಟಿಯಲ್ಲಿ ಕೂಲಿಯ ತಲೆಯ ಮೇಲಿನ ಸಾಲ ಬರೆದಿರುತ್ತಿತ್ತು. ಹೊಸ ತೋಟದವರು ಅದನ್ನು ತೀರಿಸಿದರಷ್ಟೇ ಬಿಡುಗಡೆ. ಆ ಚೀಟಿಯ ಪದ್ಧತಿ 1921ರಲ್ಲಿ ರದ್ದಾಯಿತು.

ಈಗ ನಾಲ್ಕನೇ ತಂಡ ಓದುತ್ತಿದೆ, ಪಠ್ಯ ಬದಲಿಸಿ ಎಂದವರಿಲ್ಲ. ಆ ಹಿರಿಯರೂ ನನ್ನ ಪ್ರತಿ ಒಯ್ದಿದ್ದಾರೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಹಳೆಯ ಮೇಸ್ತ್ರಿ ಲೆಕ್ಕದ ಪುಸ್ತಕ ಒಂದು ಸಿಕ್ಕಿತ್ತು. ಕೆಂಪು ಬಟ್ಟೆ ರಟ್ಟು, ಸಾಲುಸಾಲು ಹೆಬ್ಬೆಟ್ಟು, ಒಂದು ಹೆಸರಿನ ಎದುರು ನೀಲಿ ಶಾಯಿಯಲ್ಲಿ "ಬಾಕಿ 15, ಓಡಿದ". ಆ ಪುಟದ ಫೋಟೋ ತೋರಿಸಿಯೇ ನನ್ನ ಮೊದಲ ತರಗತಿ ಶುರು.